ಅವರು ನಿಮಗೆ ಏನಾಗಬೇಕು?

(ಸಲಿಂಗ ಜೋಡಿಗಳ ಮದುವೆಯ ಹಕ್ಕಿನ ಬಗ್ಗೆ ಕಾರವಾರದಲ್ಲಿ ನಾನು ಆಡಿದ ಮಾತಿನ ಬರಹ ರೂಪ. ಅವತ್ತು ಹೇಳಲು ಬಿಟ್ಟುಹೋದ ಒಂದೆರಡು ವಿವರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಶಿರಸಿಯಲ್ಲಿ ವಕೀಲಿ ಮಾಡುವವಳು. 26 ವರ್ಷ ಆಯಿತು. ಅಡಿಕೆ ತೋಟದ ಹಿಸ್ಸೆ, ವಿಲ್, ಜೀವನಾಂಶ, ವಿಚ್ಛೇದನ, ಇವೇ ನನ್ನ ಹತ್ತಿರ ಬರುವ ಕೆಲಸ. ಯಾರು ಯಾರಿಗೆ ಏನಾಗಬೇಕು ಅನ್ನುವುದೇ ನನ್ನ ದಿನನಿತ್ಯದ ಪ್ರಶ್ನೆ.

ನಮ್ಮ ಕಡೆ ಇಬ್ಬರು ಒಟ್ಟಿಗೆ ಕಂಡರೆ ಮೊದಲು ಕೇಳುವುದೂ ಇದನ್ನೇ ಅಲ್ವಾ? ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ‘ಅವರು ನಿಮಗೆ ಏನಾಗಬೇಕು?’ ಅತ್ತೆ ಆಗಬೇಕು, ಭಾವ ಆಗಬೇಕು ಅಂದರೆ ಸಾಕು, ಮಾತು ಮುಂದೆ ಹೋಗುತ್ತದೆ. ಈ ಪ್ರಶ್ನೆಗೆ ಉತ್ತರ ಕೊಡಲಾಗದ ಇಬ್ಬರ ಕಥೆಯಿಂದ ಶುರು ಮಾಡುತ್ತೇನೆ. ಅವರು ಒಪ್ಪಿದ ಮೇಲೆಯೇ ಹೇಳುತ್ತಿದ್ದೇನೆ. ಹೆಸರು, ಊರು ಬೇಡ. ಒಬ್ಬರು ಸರ್ಕಾರಿ ಶಾಲೆಯ ಟೀಚರ್. ಇನ್ನೊಬ್ಬರು ಬಟ್ಟೆ ಹೊಲಿಯುತ್ತಾರೆ. ಊರವರೆಲ್ಲ ಅವರನ್ನು ಅಕ್ಕ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. 19 ವರ್ಷದಿಂದ ಒಂದೇ ಮನೆಯಲ್ಲಿದ್ದಾರೆ. ಮನೆ ಟೀಚರ್ ಹೆಸರಿನಲ್ಲಿದೆ. ಸಾಲದ ಕಂತಿನ ಅರ್ಧ ಅಕ್ಕನ ಹೊಲಿಗೆ ಮಷಿನ್ನಿಂದ ಹೋಗಿದೆ.

ಒಂದು ರಾತ್ರಿ ಟೀಚರ್‌ಗೆ ಮೆದುಳಿನಲ್ಲಿ ರಕ್ತಸ್ರಾವ ಆಯಿತು. ಈ ಜಿಲ್ಲೆಯಲ್ಲಿ ಅಂಥದ್ದಾದರೆ ಏನು ಮಾಡಬೇಕು ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಆಂಬುಲೆನ್ಸ್ ಹತ್ತಬೇಕು. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅಂತ ನಾವೆಲ್ಲ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ಅಕ್ಕ ದಾರಿಯುದ್ದಕ್ಕೂ ಟೀಚರ್ ಕೈ ಹಿಡಿದು ಕೂತಿದ್ದರು. ಬೆಳಗಿನ ಜಾವ ಆಸ್ಪತ್ರೆ ತಲುಪಿದರು. ಕೌಂಟರಿನಲ್ಲಿ ಕೇಳಿದರು, ‘ನೀವು ಇವರಿಗೆ ಏನಾಗಬೇಕು?’

ಅಕ್ಕ ಹೇಳಿದ್ದು, ‘ನಾನು ಇವರ ಜೊತೆಗಿರುವವಳು.’

‘ಅದಲ್ಲಮ್ಮ. ಮನೆಯವರು ಯಾರೂ ಬಂದಿಲ್ವಾ?’

ಮನೆಯವರು. ನಮ್ಮ ಭಾಷೆಯಲ್ಲಿ ಗಂಡನನ್ನು, ಹೆಂಡತಿಯನ್ನು ‘ನಮ್ಮ ಮನೆಯವರು’ ಅನ್ನುತ್ತೇವೆ. ಒಂದೇ ಮನೆಯಲ್ಲಿ 19 ವರ್ಷ ಬಾಳಿದವರು ಅವತ್ತು ಮನೆಯವರು ಆಗಲಿಲ್ಲ. ಪುಣೆಯಲ್ಲಿದ್ದ ಟೀಚರ್ ಅಣ್ಣನನ್ನು ಕರೆಸಿದರು. ಆ ಅಣ್ಣ ಇವರ ಜೊತೆ ಮಾತು ಬಿಟ್ಟು 11 ವರ್ಷ ಆಗಿತ್ತು. ಬಂದರು, ಸಹಿ ಹಾಕಿದರು. ಅದಕ್ಕೆ ನಾನು ಅವರಿಗೆ ಋಣಿ. ಆದರೆ ಆಮೇಲೆ ಡಾಕ್ಟರು ಮಾತಾಡಿದ್ದೆಲ್ಲ ಅಣ್ಣನ ಹತ್ತಿರ ಮಾತ್ರ. ಟೀಚರ್‌ಗೆ ಯಾವ ಮಾತ್ರೆ ಅಲರ್ಜಿ ಅಂತ ಅಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಟೀಚರ್ ಉಳಿದರು. ಎಡಗೈ ಸ್ವಲ್ಪ ಸೋತಿದೆ, ಅಷ್ಟೇ. ಮೂರು ತಿಂಗಳಾದ ಮೇಲೆ ಇಬ್ಬರೂ ನನ್ನ ಆಫೀಸಿಗೆ ಬಂದರು. ‘ಮೇಡಂ, ಇನ್ನೊಂದು ಸಲ ಹೀಗೆ ಆಗದ ಹಾಗೆ ಏನಾದರೂ ಕಾಗದ ಮಾಡಿಕೊಡಿ’ ಅಂದರು.

ನಾನು ಕಾಗದ ಮಾಡಲು ಕೂತೆ. ಆಗಲೇ ನನಗೂ ಸರಿಯಾಗಿ ಅರ್ಥವಾದದ್ದು, ಮದುವೆ ಅನ್ನುವ ಒಂದು ಕಾಗದ ಎಷ್ಟು ಕೆಲಸ ಮಾಡುತ್ತದೆ ಅಂತ.

ಮೊದಲು ವಿಲ್. ಟೀಚರ್ ವಿಲ್ ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಕೆಲಸ ಮಾಡುತ್ತದೆ. ಗಂಡ, ಮಕ್ಕಳಿಲ್ಲ. ಅಪ್ಪ ಅಮ್ಮ ಇಲ್ಲ. ಹಾಗಾಗಿ ಮನೆ ಅಣ್ಣನಿಗೆ ಹೋಗುತ್ತದೆ. ಅಣ್ಣನೂ ಇಲ್ಲದಿದ್ದರೆ ಕಾನೂನು ದೂರದೂರದ ದಾಯಾದಿಗಳನ್ನು ಹುಡುಕಿಕೊಂಡು ಹೋಗುತ್ತದೆ. ಯಾರೂ ಸಿಗದಿದ್ದರೆ ಸರ್ಕಾರಕ್ಕೆ. ಕಂತು ಕಟ್ಟಿದ ಅಕ್ಕನ ಹೆಸರು ಆ ಪಟ್ಟಿಯಲ್ಲಿ ಸರ್ಕಾರದ ನಂತರವೂ ಬರುವುದಿಲ್ಲ. ಅದಕ್ಕೆ ವಿಲ್ ಬರೆದೆವು. ಆದರೆ ವಿಲ್ಲಿಗೆ ಯಾರು ಬೇಕಾದರೂ ತಕರಾರು ಹಾಕಬಹುದು. ‘ಹುಷಾರಿಲ್ಲದಾಗ ಬರೆಸಿಕೊಂಡರು’ ಅಂತ ಒಂದು ದಾವೆ ಬಿದ್ದರೆ ಹತ್ತು ವರ್ಷ ಹೋಗುತ್ತದೆ. ಅಂಥ ದಾವೆಗಳನ್ನು ನಾನೇ ನಡೆಸಿದ್ದೇನೆ.

ಹಾಗಾದರೆ ಬದುಕಿರುವಾಗಲೇ ಅರ್ಧ ಮನೆ ದಾನಪತ್ರ ಮಾಡಿಬಿಡೋಣ ಅಂದುಕೊಂಡೆವು. ಗಂಡ ಹೆಂಡತಿಗೆ ದಾನ ಕೊಟ್ಟರೆ ಮುದ್ರಾಂಕ ಶುಲ್ಕ ತೀರಾ ಕಡಿಮೆ. ಹೊರಗಿನವರಿಗೆ ಕೊಟ್ಟರೆ ಆಸ್ತಿಯ ಬೆಲೆಯ ಮೇಲೆ ಕಟ್ಟಬೇಕು. ಸಾಲದ್ದಕ್ಕೆ 50,000 ರೂಪಾಯಿ ದಾಟಿದ ಉಡುಗೊರೆ ಸಂಬಂಧಿಕರಲ್ಲದವರಿಂದ ಬಂದರೆ ಆದಾಯ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಕಾನೂನಿನ ಲೆಕ್ಕದಲ್ಲಿ ಅಕ್ಕ ‘ಹೊರಗಿನವರು’.

ಪವರ್ ಆಫ್ ಅಟಾರ್ನಿ ಮಾಡಿದೆವು. ಅದರಲ್ಲೊಂದು ತೊಡಕಿದೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ಟೀಚರ್ ಪ್ರಜ್ಞೆ ಇಲ್ಲದೆ ಮಲಗಿದ ದಿನವೇ ಆ ಕಾಗದ ಕೆಲಸಕ್ಕೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಾಮಿನಿ ಮಾಡಿಸಿದೆವು. ನಾಮಿನಿ ಅಂದರೆ ದುಡ್ಡು ಕೈಗೆ ತೆಗೆದುಕೊಳ್ಳುವವರು ಮಾತ್ರ, ಅದರ ಒಡೆಯರು ವಾರಸುದಾರರು ಅಂತ ಸುಪ್ರೀಂ ಕೋರ್ಟ್ 1984ರಲ್ಲಿ ಜೀವವಿಮೆಯ ಪ್ರಕರಣವೊಂದರಲ್ಲೇ ಹೇಳಿದೆ. ನೇರವಾಗಿ ಉಪಯೋಗಕ್ಕೆ ಬಂದದ್ದು 2017ರ ಮಾನಸಿಕ ಆರೋಗ್ಯ ಕಾಯ್ದೆ ಒಂದೇ. ಅದರಲ್ಲಿ ತನ್ನ ಪ್ರತಿನಿಧಿಯನ್ನು ತಾನೇ ಆರಿಸಿಕೊಳ್ಳಬಹುದು, ಅವರು ಸಂಬಂಧಿಕರೇ ಆಗಬೇಕು ಅಂತಿಲ್ಲ. ಆದರೆ ಅದು ಮಾನಸಿಕ ಆರೋಗ್ಯದ ಚಿಕಿತ್ಸೆಗೆ ಮಾತ್ರ.

ಎಲ್ಲ ಸೇರಿ ಒಂಬತ್ತು ಕಾಗದ ಆಯಿತು. ಫೈಲು ಕಟ್ಟಿ ಅಕ್ಕನ ಕೈಗೆ ಕೊಟ್ಟೆ. ‘ಇದನ್ನು ತೋರಿಸಿದರೆ ಒಳಗೆ ಬಿಡುತ್ತಾರಾ ಮೇಡಂ?’ ಅಂದರು. ಬಿಡುತ್ತಾರೆ ಅಂತ ಖಾತ್ರಿಯಾಗಿ ಹೇಳಲು ನನಗೆ ಆಗಲಿಲ್ಲ.

ಇವತ್ತು ಬೆಳಿಗ್ಗೆ ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ, ಶಿರೂರಿನ ಮೇಲೆ ಬಂದೆ. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ಅಲ್ಲಿ ಕೆಲವರ ದೇಹಕ್ಕಾಗಿ ಮನೆಯವರು ವಾರಗಟ್ಟಲೆ, ತಿಂಗಳುಗಟ್ಟಲೆ ಕಾದರು. ಡಿಎನ್‌ಎ ಪರೀಕ್ಷೆ ಮಾಡಿ ಗುರುತು ಹಿಡಿಯಬೇಕಾಯಿತು. ಆ ದಾರಿಯಲ್ಲಿ ಬರುವಾಗೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಅಪ್ಪ, ಅಣ್ಣ, ಮಗ, ಇವರೆಲ್ಲ ರಕ್ತದಿಂದ ಸಂಬಂಧಿಕರು. ಗಂಡ ಹೆಂಡತಿ ಹಾಗಲ್ಲ. ಅವರ ರಕ್ತ ಬೇರೆ ಬೇರೆ. ಹುಟ್ಟಿನಿಂದ ಏನೂ ಆಗಬೇಕಿಲ್ಲದ ಇಬ್ಬರನ್ನು ಎಲ್ಲರಿಗಿಂತ ಹತ್ತಿರದವರನ್ನಾಗಿ ಮಾಡುವುದು ಮದುವೆ. ಮದುವೆಯ ನಿಜವಾದ ಶಕ್ತಿ ಅದು. ಆ ಶಕ್ತಿ ಟೀಚರ್ ಮತ್ತು ಅಕ್ಕನಿಗೂ ಸಿಗಬೇಕು ಅನ್ನುವುದು ನನ್ನ ವಾದ. ಅವರ ಪ್ರೀತಿಗೆ ಸರ್ಟಿಫಿಕೇಟು ಕೇಳುತ್ತಿಲ್ಲ. ಪ್ರೀತಿ ಅವರ ಹತ್ತಿರ ಬೇಕಾದಷ್ಟಿದೆ.

‘ಇದು ಪಟ್ಟಣದ ಶ್ರೀಮಂತರ ವಿಷಯ, ಬಡವರಿಗೇನು’ ಅಂತ ಜಾಸ್ತಿ ಕೇಳಿಬರುತ್ತದೆ. ಸುಪ್ರೀಂ ಕೋರ್ಟಿನಲ್ಲಿ ಕೇಂದ್ರ ಸರ್ಕಾರವೂ ಹೀಗೇ ವಾದ ಮಾಡಿತ್ತು. ನಾನು ನಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಇಲ್ಲಿ ಅತಿಕ್ರಮಣದಾರರು ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಾಡಂಚಿನಲ್ಲಿ ಅರ್ಧ ಎಕರೆ, ಒಂದು ಎಕರೆ ಮಾಡಿಕೊಂಡು, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ ಕಾಯುತ್ತಿರುವ ಸಾವಿರಾರು ಕುಟುಂಬಗಳಿವೆ. ಆ ಕಾಯ್ದೆಯ 4ನೇ ಕಲಮು ಓದಿ ನೋಡಿ. ಹಕ್ಕುಪತ್ರ ಸಿಕ್ಕರೆ, ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ದಾಖಲಾಗಬೇಕು. ಬಹಳ ಒಳ್ಳೆಯ ನಿಯಮ. ಆ ಭೂಮಿಯನ್ನು ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ವಾರಸುದಾರರಿಗೆ ಮಾತ್ರ ಹೋಗುತ್ತದೆ, ನೇರ ವಾರಸುದಾರರಿಲ್ಲದಿದ್ದರೆ ಹತ್ತಿರದ ಬಂಧುವಿಗೆ.

ಈಗ ಯೋಚಿಸಿ. ಯಲ್ಲಾಪುರದ ಕಡೆ ಇಬ್ಬರು ಗಂಡಸರು ಇಪ್ಪತ್ತು ವರ್ಷ ಒಟ್ಟಿಗೆ ದುಡಿದು ಅಂಥ ಒಂದು ಎಕರೆ ಮಾಡಿದ್ದಾರೆ ಅಂದುಕೊಳ್ಳಿ. ಹಕ್ಕುಪತ್ರ ಒಬ್ಬನ ಹೆಸರಿಗೆ ಬರುತ್ತದೆ. ಅವನು ಸತ್ತರೆ ಇನ್ನೊಬ್ಬ ಮಾರನೆಯ ದಿನ ಆ ಮನೆಯಲ್ಲಿ ಯಾರು? ದುಡ್ಡಿದ್ದವರು ಬೆಂಗಳೂರಿನಲ್ಲಿ ಇಬ್ಬರ ಹೆಸರಿನಲ್ಲೂ ಫ್ಲ್ಯಾಟ್ ತೆಗೆದುಕೊಳ್ಳುತ್ತಾರೆ. ಇವನಿಗೆ ಮದುವೆ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಬಡವನಿಗೇ ಈ ಹಕ್ಕು ಹೆಚ್ಚು ಬೇಕು.

ಕಾನೂನು ಈಗ ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ದಂಡಸಂಹಿತೆಯ 377ನೇ ಕಲಮು ಬ್ರಿಟಿಷರು 1860ರಲ್ಲಿ ಬರೆದದ್ದು. ‘ಸಲಿಂಗ ಪ್ರೇಮ ಪರದೇಶದ್ದು’ ಅನ್ನುವವರಿಗೆ ನಾನು ಹೇಳುವುದು, ಪರದೇಶದಿಂದ ಬಂದದ್ದು ಆ ಶಿಕ್ಷೆ. 2009ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಸಡಿಲ ಮಾಡಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಗಿ ಮಾಡಿತು. ಆಮೇಲೆ 2017ರಲ್ಲಿ ಖಾಸಗಿತನದ ತೀರ್ಪು ಬಂತು. ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಅವರು ಪ್ರಶ್ನೆ ಮಾಡಿದ್ದು ಆಧಾರ್ ಅನ್ನು. ಅದರಿಂದ ಹೊರಟ ಮಾತು, ಒಬ್ಬರ ಖಾಸಗಿ ಬದುಕು ಅವರ ಮೂಲಭೂತ ಹಕ್ಕು ಅನ್ನುವ ಮಾತು, 2018ರ ಸೆಪ್ಟೆಂಬರ್ 6ರ ತೀರ್ಪಿಗೆ ದಾರಿ ಮಾಡಿತು. ಅವತ್ತಿನಿಂದ ಟೀಚರ್ ಮತ್ತು ಅಕ್ಕ ಒಟ್ಟಿಗಿರುವುದು ಅಪರಾಧ ಅಲ್ಲ.

ಅಪರಾಧ ಅಲ್ಲ ಅಂದಮಾತ್ರಕ್ಕೆ ಮದುವೆ ಆಗಲಿಲ್ಲ. ಜಾತಿ, ಧರ್ಮ ನೋಡದೆ ಮದುವೆ ಮಾಡಿಸುವ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅವಕಾಶ ಕೊಡಿ ಅಂತ ಹಲವು ಜೋಡಿಗಳು ಸುಪ್ರೀಂ ಕೋರ್ಟಿಗೆ ಹೋದವು. ಆ ಕಾಯ್ದೆಯ 4ನೇ ಕಲಮು ‘ಯಾರೇ ಇಬ್ಬರು ವ್ಯಕ್ತಿಗಳ ನಡುವೆ’ ಅಂತಲೇ ಶುರುವಾಗುತ್ತದೆ. ಎಷ್ಟು ವಿಶಾಲವಾದ ಮಾತು! ಕೆಳಗೆ ವಯಸ್ಸಿನ ವಿಷಯ ಬಂದಾಗ ಗಂಡಿಗೆ 21, ಹೆಣ್ಣಿಗೆ 18 ಅನ್ನುತ್ತದೆ. ಬಾಗಿಲು ಅಲ್ಲಿ ಮುಚ್ಚಿಕೊಳ್ಳುತ್ತದೆ. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮದುವೆ ಮೂಲಭೂತ ಹಕ್ಕಲ್ಲ, ಕಾಯ್ದೆ ಬದಲಿಸುವುದು ಸಂಸತ್ತಿನ ಕೆಲಸ ಅಂತ ಐವರೂ ಹೇಳಿದರು. ಮದುವೆ ಅನ್ನದಿದ್ದರೂ ಇವರ ಕೂಡುಬಾಳನ್ನು ಸರ್ಕಾರ ಗುರುತಿಸಬೇಕು ಅಂತ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಹೇಳಿದರು. ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು.

ಆ ತೀರ್ಪಿನ ಬೆನ್ನಿಗೆ ಕೇಂದ್ರ ಸರ್ಕಾರ ಸಂಪುಟ ಕಾರ್ಯದರ್ಶಿಯ ನೇತೃತ್ವದಲ್ಲಿ ಸಮಿತಿ ಮಾಡಿತು. 2024ರಲ್ಲಿ ಕೆಲವು ಸೂಚನೆಗಳು ಬಂದವು. ಇಂಥ ಜೋಡಿಗಳು ಜಂಟಿ ಖಾತೆ ತೆರೆಯಬಹುದು, ರೇಷನ್ ಕಾರ್ಡಿಗೆ ಒಂದೇ ಮನೆ ಅಂತ ಪರಿಗಣಿಸಬೇಕು, ಹತ್ತಿರದ ಸಂಬಂಧಿಕರು ಇಲ್ಲದಿದ್ದಾಗ ಸಂಗಾತಿ ಶವ ಕೇಳಿ ಪಡೆಯಬಹುದು. ಇವು ಸಣ್ಣ ಮಾತಲ್ಲ. ಆದರೆ ಆ ‘ಸಂಬಂಧಿಕರು ಇಲ್ಲದಿದ್ದಾಗ’ ಅನ್ನುವುದು ನನ್ನನ್ನು ಚುಚ್ಚುತ್ತದೆ. 19 ವರ್ಷ ಜೊತೆಗಿದ್ದವರ ಸರದಿ ಎಲ್ಲರೂ ಕೈಬಿಟ್ಟ ಮೇಲೆ ಬರಬೇಕಾ? 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಇಬ್ಬರು ಹೆಣ್ಣುಮಕ್ಕಳ ಪ್ರಕರಣದಲ್ಲಿ, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿ ಅಲ್ಲ, ಆರಿಸಿಕೊಂಡ ಕುಟುಂಬವೂ ಕುಟುಂಬವೇ ಅಂತ ಹೇಳಿತು. ಅದನ್ನು ಓದಿದ ದಿನ ನನಗೆ ತುಂಬಾ ಸಮಾಧಾನ ಆಯಿತು.

‘ಸಮಾಜ ಇನ್ನೂ ತಯಾರಿಲ್ಲ, ಊರು ಒಪ್ಪಲಿ, ಆಮೇಲೆ ಕಾನೂನು ಬರಲಿ’ ಅಂತ ನನ್ನ ಜೊತೆಯ ವಕೀಲರೇ ಹೇಳುತ್ತಾರೆ. ಅವರಿಗೆ ನಾನು ನಮ್ಮ ಮನೆಯ ಕಥೆ ಹೇಳುತ್ತೇನೆ. ನನ್ನ ಅಮ್ಮಮ್ಮನಿಗೆ ಒಬ್ಬಳು ಅಕ್ಕ ಇದ್ದಳು. ನಾವು ದೊಡ್ಡಮ್ಮಮ್ಮ ಅನ್ನುತ್ತಿದ್ದೆವು. 11ನೇ ವರ್ಷಕ್ಕೆ ಗಂಡ ಸತ್ತ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಎಪ್ಪತ್ತು ವರ್ಷಕ್ಕೂ ಜಾಸ್ತಿ ಅದೇ ಸೀರೆಯಲ್ಲಿ, ಅಡಿಗೆಮನೆಯ ಹಿಂದಿನ ಕೋಣೆಯಲ್ಲಿ ಬದುಕಿದಳು. ವಿಧವೆಯರ ಮರುಮದುವೆಯ ಕಾಯ್ದೆ 1856ರಲ್ಲೇ ಬಂದಿತ್ತು, ಅವಳು ಹುಟ್ಟುವುದಕ್ಕಿಂತ ಎಷ್ಟೋ ಮೊದಲು. ಮನೆಯವರು ಒಪ್ಪಲಿಲ್ಲ. ಆದರೆ ಅವಳ ಮುಂದಿನ ತಲೆಮಾರಿನಲ್ಲಿ ನಮ್ಮದೇ ಮನೆಯ ಒಬ್ಬಳು ವಿಧವೆಗೆ ಮರುಮದುವೆ ಆಯಿತು. ಆಗ ಯಾರೂ ಅದನ್ನು ಕಾನೂನುಬಾಹಿರ ಅನ್ನಲು ಆಗಲಿಲ್ಲ, ಅವಳ ಮಕ್ಕಳ ಪಾಲನ್ನು ಯಾರೂ ಕಿತ್ತುಕೊಳ್ಳಲು ಆಗಲಿಲ್ಲ. ಕಾನೂನು ಮೊದಲೇ ಬಂದು ಕಾದು ಕೂತಿತ್ತು. ಮನೆ ಒಪ್ಪಿದ ದಿನ ಅದು ಕೈಗೆ ಸಿಕ್ಕಿತು.

ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಹಿಂದೂಗಳಿಗೆ ಎರಡನೇ ಹೆಂಡತಿ ಬೇಡ ಅನ್ನುವ ಕಾನೂನು ಆ ಪ್ರಾಂತ್ಯದಲ್ಲಿ 1946ರಲ್ಲಿ, ವಿಚ್ಛೇದನದ ಕಾನೂನು 1947ರಲ್ಲಿ ಬಂತು. ಇಡೀ ದೇಶಕ್ಕೆ ಬಂದದ್ದು 1955ರಲ್ಲಿ. ಬೇರೆ ಬೇರೆ ಜಾತಿಯ ಹಿಂದೂಗಳ ಮದುವೆಯನ್ನು ಜಾತಿಯ ಕಾರಣಕ್ಕೆ ಅಸಿಂಧು ಅನ್ನುವಂತಿಲ್ಲ ಅಂತ ಕಾನೂನು ಮಾಡಿದ್ದು 1949ರಲ್ಲಿ. ಸಗೋತ್ರದ ಅಡ್ಡಿ ತೆಗೆದದ್ದು 1946ರಲ್ಲಿ. ಇವುಗಳಲ್ಲಿ ಒಂದಕ್ಕೂ ಆಗ ಊರು ತಯಾರಿರಲಿಲ್ಲ.

ಮದುವೆ ಅನಾದಿಯಿಂದ ಒಂದೇ ರೀತಿ ಇದೆ ಅಂತ ಕಾರವಾರದವರು ಹೇಳಲೇಬಾರದು. ಕಾಳಿ ಸೇತುವೆ ದಾಟಿ ಸ್ವಲ್ಪ ಹೋದರೆ ಗೋವಾ. ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಇವತ್ತಿಗೂ ನಡೆಯುತ್ತದೆ. ಯಾವ ಧರ್ಮದವರಾದರೂ ಮದುವೆ ನೋಂದಣಿ ಆಗಲೇಬೇಕು. ಬೇರೆ ಕರಾರು ಮಾಡಿಕೊಳ್ಳದಿದ್ದರೆ ಆಸ್ತಿಯಲ್ಲಿ ಗಂಡ ಹೆಂಡತಿ ಸಮಪಾಲು. ಕಾಣಕೋಣಕ್ಕೆ ಹೆಣ್ಣು ಕೊಟ್ಟ ನಿಮ್ಮ ಮನೆಗಳಿಗೆ ಇದು ಚೆನ್ನಾಗಿ ಗೊತ್ತು. ಆ ಕೋಡ್ ಬರೆದ ಪೋರ್ಚುಗಲ್ 2010ರಲ್ಲೇ ಸಲಿಂಗ ವಿವಾಹಕ್ಕೆ ಅವಕಾಶ ಕೊಟ್ಟಿತು. ನಮ್ಮ ಏಷ್ಯಾದಲ್ಲಿ ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರ ಜನವರಿಯಲ್ಲಿ. ಪಕ್ಕದ ನೇಪಾಳದಲ್ಲಿ ಇಂಥ ಮೊದಲ ಮದುವೆ 2023ರಲ್ಲಿ ನೋಂದಣಿ ಆಯಿತು.

ಇನ್ನೊಂದು ವಿಷಯ ಇದೆ. ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿಯನ್ನು ಅವಳ ಅಮ್ಮ ನನ್ನ ಹತ್ತಿರ ಕರೆದುಕೊಂಡು ಬಂದರು. ಮದುವೆಯಾಗಿ ಎರಡು ವರ್ಷ. ಗಂಡ ಒಳ್ಳೆಯವನು, ಹೊಡೆಯುವುದಿಲ್ಲ, ಬೈಯುವುದಿಲ್ಲ, ಹತ್ತಿರವೂ ಬರುವುದಿಲ್ಲ. ತನ್ನಲ್ಲೇ ಏನೋ ಕೊರತೆ ಇದೆ ಅಂತ ಹುಡುಗಿ ಒಣಗಿಹೋಗಿದ್ದಳು. ಹುಡುಗನನ್ನು ಬೇರೆಯಾಗಿ ಕೂರಿಸಿ ಮಾತಾಡಿದೆ. ಅವನು ಅತ್ತುಬಿಟ್ಟ. ‘ನನಗೆ ಹೆಣ್ಣಿನ ಕಡೆ ಮನಸ್ಸೇ ಇಲ್ಲ ಅಂತ ಹದಿನೈದನೇ ವರ್ಷಕ್ಕೇ ಗೊತ್ತಿತ್ತು. ಮದುವೆ ಬೇಡ ಅಂದೆ. ಅಮ್ಮ ಬಾವಿಗೆ ಬೀಳುತ್ತೇನೆ ಅಂದಳು’ ಅಂದ. ಪರಸ್ಪರ ಒಪ್ಪಿಗೆಯ ವಿಚ್ಛೇದನ ಆಯಿತು. ಕೋರ್ಟಿನಿಂದ ಹೊರಗೆ ಬಂದಾಗ ಹುಡುಗಿ ಕೇಳಿದಳು, ‘ಮೇಡಂ, ನನ್ನ ಎರಡು ವರ್ಷ ಯಾರು ವಾಪಸ್ ಕೊಡುತ್ತಾರೆ?’

ನಮ್ಮ ಘಟ್ಟದ ಮೇಲೆ ತೋಟದ ಮನೆಗೆ ಹೆಣ್ಣು ಸಿಗುತ್ತಿಲ್ಲ ಅಂತ ದೂರದ ರಾಜ್ಯಗಳಿಂದ ಸೊಸೆ ತರುತ್ತಿದ್ದೇವೆ. ಜಾತಕ ನೋಡುತ್ತೇವೆ, ಸಂಬಳ ಕೇಳುತ್ತೇವೆ. ಹುಡುಗನಿಗೆ ಮನಸ್ಸಿದೆಯಾ ಅಂತ ಎಷ್ಟು ಮನೆಯಲ್ಲಿ ಕೇಳುತ್ತಾರೆ? ಸಲಿಂಗ ವಿವಾಹದಿಂದ ಕುಟುಂಬ ಹಾಳಾಗುತ್ತದೆ ಅನ್ನುವವರು ಆ ಹುಡುಗಿಯ ಮುಖ ಒಮ್ಮೆ ನೋಡಬೇಕಿತ್ತು. ಅವನು ತನಗೆ ಬೇಕಾದವನ ಜೊತೆ ಮರ್ಯಾದೆಯಿಂದ ಬಾಳುವ ದಾರಿ ಇದ್ದಿದ್ದರೆ ಅವಳ ಬಾಳು ನಡುವೆ ಸಿಕ್ಕಿಕೊಳ್ಳುತ್ತಿರಲಿಲ್ಲ.

ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದರು, ‘ಮದುವೆಯೇ ಹೆಣ್ಣಿಗೆ ಕಟ್ಟುಪಾಡು. ಅದರಿಂದ ಹೊರಗಿರುವವರನ್ನು ಯಾಕೆ ಮತ್ತೆ ಒಳಗೆ ಎಳೆಯುತ್ತೀರಿ?’ ಒಳ್ಳೆಯ ಪ್ರಶ್ನೆ. ಮದುವೆಯಲ್ಲಿ ನೊಂದ ಹೆಂಗಸರ ನೂರಾರು ಅರ್ಜಿ ನಾನೇ ಬರೆದಿದ್ದೇನೆ, ಹಾಗಾಗಿ ಆ ಮಾತನ್ನು ತಳ್ಳಿಹಾಕಲಾರೆ. ಮದುವೆ ಆಗದವರ ಕೂಡುಬಾಳಿಗೂ ರಕ್ಷಣೆ ಬೇಕು, ಅದಕ್ಕೂ ನಾನು ವಾದ ಮಾಡುತ್ತೇನೆ. ಆದರೆ ನಿಮಗೆ ಮದುವೆ ಬೇಡ ಅನ್ನುವ ಸ್ವಾತಂತ್ರ್ಯ ಇದೆ. ಅಕ್ಕನಿಗೆ ಅದೂ ಇಲ್ಲ. ಕೊಟ್ಟರೆ ತಾನೇ ಬೇಡ ಅನ್ನುವುದು?

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಮಕ್ಕಳ ವಿಷಯ ಎತ್ತಿದರು. ಮಕ್ಕಳಾಗದ ಮದುವೆ ಎಂಥ ಮದುವೆ ಅಂದರು. 60 ವರ್ಷದ ಇಬ್ಬರು ಬಂದರೂ ಮದುವೆ ನೋಂದಣಿ ಆಗುತ್ತದೆ, ಮಕ್ಕಳಾಗುತ್ತಾ ಅಂತ ಯಾವ ಅಧಿಕಾರಿಯೂ ಕೇಳುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ತಮ್ಮನಿಗೂ ಮಕ್ಕಳಿಲ್ಲ’ ಅಂತ ಹೇಳಿ ಕೂತರು.

ಇನ್ನೊಬ್ಬರು, ನಾಳೆಯೇ ಕಾನೂನು ಬಂದರೆ ಎಲ್ಲ ಸರಿಹೋಗುತ್ತದಾ ಅಂತ ಕೇಳಿದರು. ಇಲ್ಲ. ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್ ಇದೆ. ಹೆಸರು, ವಿಳಾಸ ಕಚೇರಿಯ ಗೋಡೆಯಲ್ಲಿ ನೇತಾಡುತ್ತದೆ. ಶಿರಸಿಯಂಥ ಊರಿನಲ್ಲಿ ಅರ್ಧ ದಿನದಲ್ಲಿ ಸುದ್ದಿ ಮನೆ ತಲುಪುತ್ತದೆ. ಬೇರೆ ಜಾತಿ, ಬೇರೆ ಧರ್ಮದ ಜೋಡಿಗಳೇ ಆ ನೋಟಿಸಿಗೆ ಹೆದರುತ್ತಾರೆ. ಅದೂ ಹೋಗಬೇಕು.

ಟೀಚರ್ ಮುಂದಿನ ವರ್ಷ ನಿವೃತ್ತಿ ಆಗುತ್ತಾರೆ. ಪಿಂಚಣಿ ಕಾಗದಗಳನ್ನು ತುಂಬಿಸುತ್ತಿದ್ದಾರೆ. ಅದರಲ್ಲಿ ಕುಟುಂಬದವರ ವಿವರ ಬರೆಯುವ ಕಡೆ ಹೆಸರು, ವಯಸ್ಸು, ಸಂಬಂಧ ಅಂತ ಸಾಲಾಗಿ ಕಾಲಂ ಇವೆ. ಸೋತ ಎಡಗೈಯಲ್ಲಿ ಕಾಗದ ಒತ್ತಿಹಿಡಿದು, ಬಲಗೈಯಲ್ಲಿ ಅಕ್ಕನ ಹೆಸರು ಬರೆದಿದ್ದಾರೆ, ವಯಸ್ಸು ಬರೆದಿದ್ದಾರೆ. ಸಂಬಂಧದ ಕಾಲಂ ಖಾಲಿ ಬಿಟ್ಟು, ‘ಇಲ್ಲಿ ಏನು ಬರೆಯಬೇಕು ನೋಡಿ ಮೇಡಂ’ ಅಂತ ನನಗೆ ತಂದುಕೊಟ್ಟಿದ್ದಾರೆ. ಅದು ಈಗ ನನ್ನ ಮೇಜಿನ ಮೇಲಿದೆ.